ಸ್ಯಾಕ್ಸೋಫೋನ್ ಮೇಲೆ 'ಪ್ಯಾರಿಸ್' ಎಂದಿರುತ್ತದಲ್ಲ, ಅದು ಹುಟ್ಟಿದ್ದು ಮಾಂತ್-ಲಾ-ವಿಲ್ ಎಂಬ ಊರಿನಲ್ಲಿ

ನೇತ್ರಾವತಿ_ದಂಡೆ:

ನಮ್ಮ ದೊಡ್ಡಪ್ಪನ ಆಲ್ಟೋ ಸ್ಯಾಕ್ಸೋಫೋನಿನ ಬೆಲ್ (ಅಗಲಗೊಂಡ ಬಾಯಿ) ಮೇಲೆ, ಹೂಬಳ್ಳಿಯ ಕೆತ್ತನೆಯ ನಡುವೆ, 'ಹೆನ್ರಿ ಸೆಲ್ಮರ್ ಪ್ಯಾರಿಸ್' ಎಂದು ಬರೆದಿದೆ. ಬಂಟ್ವಾಳದ ಸುತ್ತಿನ ದೇವಸ್ಥಾನಗಳಲ್ಲಿ ಮೂವತ್ತು ವರ್ಷ ವಾಲಗ ನುಡಿಸಿದವರು ಅವರು. ಮೊದಲು ನಾಗಸ್ವರ, ಆಮೇಲೆ ಸ್ಯಾಕ್ಸ್. ಉತ್ಸವ ಮುಗಿಸಿ ಬಂದ ರಾತ್ರಿ ಎಷ್ಟೇ ದಣಿದಿದ್ದರೂ ಹಳೇ ಪಂಚೆಯ ತುಂಡಿನಲ್ಲಿ ಆ ಬೆಲ್ ಒರೆಸದೆ ಮಲಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನು "ಪ್ಯಾರಿಸ್ ಎಂತದು ದೊಡ್ಡಪ್ಪ?" ಎಂದು ಕೇಳಿದರೆ "ಇದರ ತವರುಮನೆ" ಎನ್ನುತ್ತಿದ್ದರು.

ಈಗ ಐದು ವರ್ಷದಿಂದ ನಾನು ಪ್ಯಾರಿಸಿನಲ್ಲೇ ಕೆಲಸದಲ್ಲಿದ್ದೇನೆ. ಆ ತವರುಮನೆ ಪ್ಯಾರಿಸಿನಲ್ಲಿ ಇಲ್ಲ ಎಂಬುದು ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು. ಸೇನ್ ನದಿಯ ಜಾಡು ಹಿಡಿದು ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಮಾಂತ್ ಎಂಬ ಹೆಸರಿನ ಎರಡು ಊರುಗಳು ಅಂಟಿಕೊಂಡೇ ಇವೆ. ಒಂದು ಮಾಂತ್-ಲಾ-ಜೋಲಿ, ಎಂದರೆ ಚೆಲುವೆ ಮಾಂತ್. ಇನ್ನೊಂದು ಮಾಂತ್-ಲಾ-ವಿಲ್. ಪ್ರವಾಸಿಗರು ಇಳಿಯುವುದು ಚೆಲುವೆಯ ಕಡೆಗೆ. ಅಲ್ಲಿ ಹಳೆಯ ದೊಡ್ಡ ಇಗರ್ಜಿ ಇದೆ, ನದಿ ಇದೆ. ಮಾಂತ್-ಲಾ-ವಿಲ್ ದುಡಿಯುವವರ ಊರು. ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು. ಸಾಲು ಮನೆಗಳು, ಅಪಾರ್ಟ್‌ಮೆಂಟ್ ಕಟ್ಟಡಗಳು, ಊರ ನಡುವೆ ಹರಿದು ಸೇನ್ ಸೇರುವ ವೋಕುಲರ್ ಎಂಬ ಚಿಕ್ಕ ಹೊಳೆ. ಅಷ್ಟೇ.

ಆ ಊರಲ್ಲಿ ಮೋರಿಸ್ ಬೆರ್ತೋ ಎಂಬವರ ಹೆಸರಿನ ಒಂದು ರಸ್ತೆ. (ಫ್ರಾನ್ಸಿನ ಯುದ್ಧಮಂತ್ರಿಯಾಗಿದ್ದವರು. 1911ರಲ್ಲಿ ವಿಮಾನಗಳ ಸ್ಪರ್ಧೆ ನೋಡಲು ನಿಂತಿದ್ದಾಗ ವಿಮಾನವೊಂದು ಅಪ್ಪಳಿಸಿ ತೀರಿಕೊಂಡರು.) ಅದೇ ರಸ್ತೆಯಲ್ಲಿ 5ನೇ ನಂಬರಿನಲ್ಲಿ ಕ್ಲಾರಿನೆಟ್ಟಿಗೆ ಹೆಸರಾದ ಬುಫೆ ಕ್ರಾಂಪೋಂ ಕಂಪನಿ, 25ನೇ ನಂಬರಿನಲ್ಲಿ ಹೆನ್ರಿ ಸೆಲ್ಮರ್. ಲೋಕದ ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳ ಕ್ಲಾರಿನೆಟ್ಟುಗಳು ಒಂದು ಬಾಗಿಲಿನಿಂದ, ಜಾಝ್ ದಿಗ್ಗಜರ ಸ್ಯಾಕ್ಸೋಫೋನುಗಳು ಇನ್ನೊಂದು ಬಾಗಿಲಿನಿಂದ ಹೊರಟಿವೆ. ಎರಡಕ್ಕೂ ನಡುವೆ ಒಂದು ಬೀಡಾ ಹಾಕಿ ಮುಗಿಸುವಷ್ಟು ದೂರ.

ಕಳೆದ ತಿಂಗಳು ಒಂದು ಶನಿವಾರ ಸ್ಯಾಂ-ಲಾಝಾರ್ ನಿಲ್ದಾಣದಿಂದ ರೈಲು ಹತ್ತಿ ಹೋದೆ. ಕಾರ್ಖಾನೆ ಮುಚ್ಚಿತ್ತು, ಒಳಗೆ ಹೋಗಲಿಲ್ಲ. ಗೇಟಿನ ಎದುರು ನಿಂತು ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅವರಿಗೆ ಈಗ ಉಸಿರಿನ ತೊಂದರೆ, ಎರಡು ವರ್ಷದಿಂದ ನುಡಿಸುತ್ತಿಲ್ಲ. ಬೋರ್ಡ್ ತೋರಿಸಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಅಲ್ಲಿ ಕೆಲಸ ಮಾಡುವವರು ಯಾರು ಮಗಾ, ಯಾರ ಮಕ್ಕಳು?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬ್ರಾಂಡಿನ ಹೆಸರು ನಮಗೆಲ್ಲ ಗೊತ್ತು, ಊರಿನ ಹೆಸರು ಯಾರಿಗೂ ಗೊತ್ತಿಲ್ಲ. ಅದಕ್ಕೇ ಓದಿ ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ಪಕ್ಕದ ಜಿಲ್ಲೆಯ ಲಾ ಕೂತ್ಯೂರ್-ಬುಸ್ಸೆ ಎಂಬ ಹಳ್ಳಿಯಲ್ಲಿ. ಅಲ್ಲಿ ಸುಮಾರು ನಾಲ್ಕು ನೂರು ವರ್ಷದಿಂದ ಮರ ಕಡೆದು ಕೊಳಲು, ಓಬೋ ಮಾಡುತ್ತಿದ್ದಾರೆ. 14ನೇ ಲೂಯಿಯ ಆಸ್ಥಾನದಲ್ಲಿ ಹೆಸರಾದ ಒತ್ತೆತೆರ್ ಮನೆತನದ ಮೂಲ ಆ ಹಳ್ಳಿಯೇ. ಇಡೀ ಊರಿಗೆ ಲೇತ್ ಗೊತ್ತು, ರಂಧ್ರ ಕೊರೆಯುವುದು ಗೊತ್ತು. ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ. ಪ್ಯಾರಿಸಿನಲ್ಲಿ ಅಂಗಡಿ ಇಟ್ಟ ಯಜಮಾನರಿಗೆ ಬೇಕಾಗಿದ್ದ ಕೈಗಳು ಈ ಸೀಮೆಯಲ್ಲಿದ್ದವು. 1843ರಲ್ಲಿ ಪ್ಯಾರಿಸ್–ರೂಆಂ ರೈಲು ಮಾಂತ್ ಮೂಲಕ ಓಡತೊಡಗಿತು. 1850ರಲ್ಲಿ ಬುಫೆ ಕ್ರಾಂಪೋಂ ಮಾಂತ್-ಲಾ-ವಿಲ್‌ನಲ್ಲಿ ಕಾರ್ಯಾಗಾರ ತೆರೆಯಿತು. ಒಂದು ಕಡೆ ಕೆಲಸ ಬಲ್ಲ ಹಳ್ಳಿ, ಇನ್ನೊಂದು ಕಡೆ ಕೊಳ್ಳುವ ಪಟ್ಟಣ, ನಡುವೆ ಈ ಊರು. ಅಲ್ಲಿ ನೆಲೆ ಮಾಡಿದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ.

ಬುಫೆ ಕ್ರಾಂಪೋಂ ಎಂಬ ಹೆಸರಿಗೂ ಒಂದು ಸೊಗಸಾದ ಹಿನ್ನೆಲೆ ಇದೆ. 1825ರಲ್ಲಿ ಅಂಗಡಿ ಇಟ್ಟವರು ದೆನಿ ಬುಫೆ. ಅವರ ಮಗ ಝಾಂ-ಲೂಯಿ 1836ರಲ್ಲಿ ಝೋಎ ಕ್ರಾಂಪೋಂ ಎಂಬವರನ್ನು ಮದುವೆಯಾಗಿ ಹೆಂಡತಿಯ ತವರಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡರು. ಇವತ್ತಿಗೂ ಕ್ಲಾರಿನೆಟ್ ಮೇಲಿರುವುದು ಆ ಮದುವೆಯ ಹೆಸರು.

ಸೆಲ್ಮರ್ ಬಂದದ್ದು ಆಮೇಲೆ. ಹೆನ್ರಿ ಸೆಲ್ಮರ್ ಸ್ವತಃ ಕ್ಲಾರಿನೆಟ್ ವಾದಕರು, ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಕಲಿತವರು. 1885ರಲ್ಲಿ ರೀಡ್, ಮೌತ್‌ಪೀಸ್ ಮಾಡುವುದರಿಂದ ಶುರು. 1919ರಲ್ಲಿ ಮಾಂತ್-ಲಾ-ವಿಲ್‌ನಲ್ಲಿ ಕಾರ್ಖಾನೆ. 1922ರ ಹೊತ್ತಿಗೆ ಮೊದಲ ಸ್ಯಾಕ್ಸೋಫೋನ್. ಆ ದಶಕದ ಕೊನೆಗೆ, ಸ್ಯಾಕ್ಸೋಫೋನ್ ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್ ಅವರ ಹಳೆಯ ಕಾರ್ಯಾಗಾರವೇ ಸೆಲ್ಮರ್ ಕೈಸೇರಿತು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಈ ಊರಿನ ವಾದ್ಯ ಇದೆಯಾ? ಇದ್ದರೆ ಅದರ ಕಥೆ ಬರೆಯಿರಿ. ದೊಡ್ಡಪ್ಪನಿಗೆ ಓದಿ ಹೇಳುತ್ತೇನೆ.


ಮಲ್ಲೇಶ್ವರದ_ಕೇಳುಗ:

ಎಂಥಾ ಒಳ್ಳೇ ಬರಹ ಮೇಡಂ. ನಾನು ನುಡಿಸುವವನಲ್ಲ, ನಲವತ್ತು ವರ್ಷದಿಂದ ಜಾಝ್ ಕೇಳುವವನು. ನಮ್ಮಂಥವರಿಗೆ 'ಮಾರ್ಕ್ 6' ಎಂದರೆ ಸಾಕು, ಮೈ ಜುಮ್ಮೆನ್ನುತ್ತದೆ. ಸೆಲ್ಮರ್ 1954ರಲ್ಲಿ ತಂದ ಮಾದರಿ ಅದು. ಸುಮಾರು ಇಪ್ಪತ್ತು ವರ್ಷ ತಯಾರಾಯಿತು. ಸೋನಿ ರಾಲಿನ್ಸ್, ಜಾನ್ ಕೋಲ್ಟ್ರೇನ್ ಕೈಯಲ್ಲಿ ಇದ್ದದ್ದು ಅದೇ. ಇವತ್ತಿಗೂ ಹಳೆಯ ಮಾರ್ಕ್ 6ಗೆ ಹೊಸ ವಾದ್ಯಕ್ಕಿಂತ ಹೆಚ್ಚು ಬೆಲೆ ಕೊಡುವವರಿದ್ದಾರೆ.

ಅದಕ್ಕಿಂತ ಹಿಂದೆ, 1936ರಲ್ಲಿ, 'ಬ್ಯಾಲೆನ್ಸ್ಡ್ ಆಕ್ಷನ್' ಎಂಬ ಮಾದರಿ ಬಂತು. ನನ್ನ ಪ್ರಕಾರ ನಿಜವಾದ ತಿರುವು ಅದೇ. ಅದಕ್ಕೆ ಮುಂಚೆ ಬೆಲ್ ಮೇಲಿನ ಕೀಗಳು ಎಡಗಡೆ ಇದ್ದವು. ಅವನ್ನು ಬಲಕ್ಕೆ ತಂದು, ಕೀ ಒತ್ತುವ ಸನ್ನೆ ವ್ಯವಸ್ಥೆಯನ್ನೇ ಹೊಸದಾಗಿ ಜೋಡಿಸಿದರು. ಈಗ ಜಗತ್ತಿನಲ್ಲಿ ಯಾರು ಸ್ಯಾಕ್ಸೋಫೋನ್ ಮಾಡಿದರೂ, ತೈವಾನ್ ಇರಲಿ ಜಪಾನ್ ಇರಲಿ, ಹೆಚ್ಚೂಕಮ್ಮಿ ಆ ನಕ್ಷೆಯನ್ನೇ ಅನುಸರಿಸುತ್ತಾರೆ. ಆ ಸಣ್ಣ ಊರಿನ ಕೆಲಸದ ಮೇಜಿನ ಮೇಲೆ ಆದ ತೀರ್ಮಾನ ಇಡೀ ಲೋಕದ ಬೆರಳುಗಳನ್ನು ತಿದ್ದಿತು.

ಇನ್ನೊಂದು ಸಂಗತಿ. ಅಮೆರಿಕಕ್ಕೆ ಹೋಗುತ್ತಿದ್ದ ಮಾರ್ಕ್ 6ಗಳಲ್ಲಿ ಬಹಳಷ್ಟು ಬಿಡಿಭಾಗಗಳಾಗಿ ಹಡಗು ಹತ್ತುತ್ತಿದ್ದವು. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣದಲ್ಲಿ ಜೋಡಣೆ, ಮೆರುಗು, ಕೆತ್ತನೆ ಆಗುತ್ತಿತ್ತು. ಎಲ್ಕಾರ್ಟ್ ಕೂಡ ವಾದ್ಯ ತಯಾರಿಯ ಊರೇ. ಯಾವ ಜೋಡಣೆ ಮೇಲು ಎಂದು ಜಗಳವಾಡುವವರು ಇವತ್ತೂ ಇದ್ದಾರೆ. ಹಿತ್ತಾಳೆ ಮಾತ್ರ ಒಂದೇ ಊರಿನದು.

ಗಿಟಾರ್ ವಿಷಯ ನೀವು ಬರೆದಿಲ್ಲ! 1932ರಿಂದ 1952ರವರೆಗೆ ಇದೇ ಮಾಂತ್ ಕಾರ್ಖಾನೆಯಲ್ಲಿ ಗಿಟಾರ್‌ಗಳೂ ಆದವು. ಇಟಲಿಯ ಮಾರಿಯೋ ಮಕ್ಕಫೆರ್ರಿ ವಿನ್ಯಾಸ ಮಾಡಿದ್ದು. ಒಟ್ಟು ಸಾವಿರ ಕೂಡ ಆಗಲಿಲ್ಲ. ಆದರೆ ಜಾಂಗೋ ರೈನ್‌ಹಾರ್ಟ್ ನುಡಿಸಿದ್ದು ಆ ಗಿಟಾರನ್ನೇ. ವಾಸದ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಕೆಲಸಕ್ಕೆ ಬಾರದಾದ ಮೇಲೂ ಆ ಮನುಷ್ಯ ತೆಗೆದ ನಾದ ಇದೆಯಲ್ಲ, ಅದನ್ನು ಕೇಳಿ ನಾನು ಅತ್ತಿದ್ದೇನೆ.


ಹುಬ್ಬಳ್ಳಿ_ಬ್ಯಾಂಡ್:

ಅಕ್ಕಾರ, ನಿಮ್ಮ ದೊಡ್ಡಪ್ಪಾರಿಗೆ ನನ್ನ ನಮಸ್ಕಾರ ಹೇಳ್ರಿ. ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನಮ್ಮದು ಮೂರು ತಲಿಯಿಂದ ಬ್ಯಾಂಡ್‌ಸೆಟ್. ಲಗ್ನದ ಮೆರವಣಿಗಿ, ಜಾತ್ರಿ, ಗಣಪತಿ ಕಳಸೋದು. ನಮ್ಮ ಮನಿಯಾಗ ಇರೋ ಕ್ಲಾರಿನೆಟ್, ಟ್ರಂಪೆಟ್, ಯುಫೋನಿಯಂ ಎಲ್ಲಾ ಮೀರತ್ ಮಾಲು. ಮೀರತ್ತಿನ ಜಲಿ ಕೋಠಿ ಅಂತ ಓಣಿ ಐತಿ, ಅಲ್ಲಿ ಮನಿಮನಿಯೊಳಗ ಹಿತ್ತಾಳಿ ಬಡಿಯೋ ಸಪ್ಪಳ. ನಮ್ಮ ಅಪ್ಪಾರು ರೈಲಿನ್ಯಾಗ ಹೋಗಿ ತರ್ತಿದ್ರು.

ಫ್ರಾನ್ಸಿನ ವಾದ್ಯ ಒಂದಕ್ಕ ಹಲವು ಲಕ್ಷ. ಅಷ್ಟು ರೊಕ್ಕದಾಗ ನಮ್ಮ ಇಡೀ ಬ್ಯಾಂಡಿಗೆ ವಾದ್ಯ ಬರ್ತಾವು, ಮ್ಯಾಲ ಸಮವಸ್ತ್ರಾನೂ ಬರ್ತಾವು. ಮಾಂತ್ ಊರಿನವರ ಕೈಗುಣ ದೊಡ್ಡದು, ಇಲ್ಲ ಅನ್ನಂಗಿಲ್ಲ. ಮೀರತ್ತಿನವರ ಕೈಗುಣಾನೂ ಬರೀರಿ. ಸುರಿಯೋ ಮಳಿ, ಧೂಳು, ಡೀಸೆಲ್ ಹೊಗಿ ಎಲ್ಲಾ ತಿಂದು ನಮ್ಮ ಯುಫೋನಿಯಂ ಮೂವತ್ತು ವರ್ಷದಿಂದ ಊದ್ತಾನ ಐತಿ.


ನೇತ್ರಾವತಿ_ದಂಡೆ:

ಅಣ್ಣಾ, ತಪ್ಪು ತಿಳಿಯುವ ಮಾತೇ ಇಲ್ಲ. ದೊಡ್ಡಪ್ಪನ ಮೊದಲ ಸ್ಯಾಕ್ಸೋಫೋನ್ ಕೂಡ ಮೀರತ್ತಿನದೇ. ಹನ್ನೊಂದು ವರ್ಷ ಅದರಲ್ಲೇ ನುಡಿಸಿ, ಸೆಕೆಂಡ್ ಹ್ಯಾಂಡ್ ಸೆಲ್ಮರ್ ಕೊಂಡದ್ದು ದೊಡ್ಡಮ್ಮನ ಕರಿಮಣಿ ಸರ ಒಂದನ್ನು ಬಿಟ್ಟು ಉಳಿದ ಚಿನ್ನ ಅಡವಿಟ್ಟು. ಆ ಚಿನ್ನ ಬಿಡಿಸಲು ಅವರಿಗೆ ನಾಲ್ಕು ಜಾತ್ರೆ ಸೀಸನ್ ಬೇಕಾಯಿತು. ಮೀರತ್ ವಾದ್ಯ ಅಟ್ಟದ ಮೇಲೆ ಇದೆ, ಮಾರಲಿಲ್ಲ. "ಅನ್ನ ಕೊಟ್ಟದ್ದು" ಎನ್ನುತ್ತಾರೆ.

ಮೀರತ್ ಬಗ್ಗೆ ನೀವೇ ಬರೆಯಬೇಕು. ನಿಮ್ಮ ಅಪ್ಪನ ರೈಲಿನ ಕಥೆಯಿಂದ ಶುರು ಮಾಡಿ.


ತುಂಗಭದ್ರಾ_ರೀಡ್:

ನಾನು ರಾಯಚೂರು ಕಡೆಯವನು, ಕ್ಲಾರಿನೆಟ್ ಕಲಿಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಕ್ಲಾರಿನೆಟ್ ಎಂದರೆ ಪಂಡಿತ್ ನರಸಿಂಹಲು ವಡವಾಟಿ ಅವರ ಹೆಸರು ಮೊದಲು ಬರುತ್ತದೆ. ಈ ಪರದೇಶದ ವಾದ್ಯದಲ್ಲಿ ಹಿಂದೂಸ್ತಾನಿ ರಾಗದ ಆಲಾಪ ನಿಲ್ಲುತ್ತದೆ ಎಂದು ನಮ್ಮ ಸೀಮೆಯ ಜನ ಕೇಳಿ ತಿಳಿದದ್ದು ಅವರಿಂದ.

ಒಂದು ತಾಂತ್ರಿಕ ವಿಷಯ ಹೇಳುತ್ತೇನೆ. ಕ್ಲಾರಿನೆಟ್ಟಿನಲ್ಲಿ ಏಳು ತೂತುಗಳು ನೇರವಾಗಿ ಬೆರಳಿನ ಕೆಳಗೇ ಇರುತ್ತವೆ, ಅವುಗಳಲ್ಲಿ ಆರಕ್ಕೆ ಸುತ್ತ ಒಂದೊಂದು ಉಂಗುರ. ಬೆರಳನ್ನು ಅಂಚಿನಿಂದ ಮೆಲ್ಲಗೆ ಸರಿಸಿದರೆ ಮೀಂಡ್, ಎಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಾದ, ಬರುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ಮಧ್ಯೆ ಪ್ಯಾಡ್ ಇದೆ, ಹಾಗಾಗಿ ತುಟಿಯಲ್ಲೂ ಉಸಿರಲ್ಲೂ ಜಾರಿಸಬೇಕು. ಕದ್ರಿ ಗೋಪಾಲನಾಥರು ಅದನ್ನು ಹೇಗೆ ಸಾಧಿಸಿದರೋ ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಈ ಉಂಗುರದ ವ್ಯವಸ್ಥೆ ಕೂಡ ಬುಫೆಯವರದೇ ಅಲ್ಲವಾ ಅಕ್ಕ? ಕ್ಲೋಝೆ ಎಂಬ ಗುರುವಿನ ಜೊತೆ ಸೇರಿ ಮಾಡಿದ್ದು ಎಂದು ಓದಿದ್ದೆ.

ನನ್ನ ಹತ್ತಿರ ಇರುವುದು ಹಳೆಯ ಬುಫೆ, ಸೋದರಮಾವ ಕೊಟ್ಟದ್ದು. ಏಪ್ರಿಲ್ ತಿಂಗಳ ಬಿಸಿಲಿಗೆ ಮೇಲಿನ ಜಾಯಿಂಟಿನಲ್ಲಿ, ಎಂದರೆ ಮೇಲ್ಭಾಗದ ತುಂಡಿನಲ್ಲಿ, ಕೂದಲೆಳೆಯಷ್ಟು ಬಿರುಕು ಬಂತು. ಒಂದು ಅಂಗಡಿಗೆ ಕೊಟ್ಟೆ. ಅವರು ಅಂಟು ಮೆತ್ತಿ, ಅದು ತೂತಿನೊಳಗೂ ಇಳಿದು, ಎರಡು ಸ್ವರ ಶ್ರುತಿ ಬಿಟ್ಟವು. ಮೂರು ತಿಂಗಳು ವಾದ್ಯ ಮುಟ್ಟಲಿಲ್ಲ. ಮರದ ವಾದ್ಯ ನಮ್ಮ ಹವೆಗೆ ಬೇಡವೇ ಬೇಡ ಎಂದು ಕೆಲವರು ಹೇಳುತ್ತಾರೆ. ನಿಜವಾ?


ಸಾಗರದ_ಮರಗೆಲಸ:

ಮರದ ವಿಷಯ ಬಂತಲ್ಲ, ಮಾತಾಡಲೇಬೇಕು. ಕ್ಲಾರಿನೆಟ್ ಮಾಡುವ ಕರಿಯ ಮರವನ್ನು ಎಲ್ಲರೂ ಎಬನಿ ಅನ್ನುತ್ತಾರೆ. ಅದು ಎಬನಿ ಜಾತಿಗೆ ಸೇರಿದ್ದಲ್ಲ, ನಮ್ಮ ಬೀಟೆಯ ದಾಯಾದಿ. ಡಾಲ್ಬರ್ಜಿಯಾ ಎಂಬ ಒಂದೇ ಕುಲ. ಆಫ್ರಿಕಾದಲ್ಲಿ, ಮುಖ್ಯವಾಗಿ ಟಾಂಜಾನಿಯಾ, ಮೊಝಾಂಬಿಕ್ ಕಡೆ ಬೆಳೆಯುತ್ತದೆ. ಸ್ವಾಹಿಲಿಯಲ್ಲಿ ಎಂಪಿಂಗೋ. ಎಷ್ಟು ಭಾರ ಎಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ಬೀಟೆ ಕಡೆದ ಕೈಗೆ ಗೊತ್ತು, ಇಂಥ ಮರ ಉಳಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಆದರೆ ಒಮ್ಮೆ ಬಗ್ಗಿತೆಂದರೆ ಹೇಳಿದ ಅಳತೆಯಲ್ಲಿ ನಿಲ್ಲುತ್ತದೆ.

ಆ ಮರ ತುಂಬ ನಿಧಾನಕ್ಕೆ ಬೆಳೆಯುತ್ತದೆ, ಬೊಡ್ಡೆ ನೆಟ್ಟಗಿರುವುದಿಲ್ಲ. ಒಳಗಿನ ಕರಿಯ ತಿರುಳಿನಲ್ಲಿ ಗಂಟಿಲ್ಲದ ತುಂಡು ಸಿಗುವುದು ಅಪರೂಪ. ಕಡಿದ ಮರದಲ್ಲಿ ಬಹುಪಾಲು ವಾದ್ಯಕ್ಕೆ ಬರುವುದೇ ಇಲ್ಲ. ಸಿಕ್ಕ ತುಂಡುಗಳನ್ನು ಒರಟಾಗಿ ಕಡೆದು, ನಡುವೆ ತೂತು ಕೊರೆದು, ವರ್ಷಗಟ್ಟಲೆ ಒಣಗಲು ಇಡಬೇಕು. ಆತುರ ಮಾಡಿದರೆ ಆಮೇಲೆ ವಾದ್ಯವಾದಾಗ ಸೀಳುತ್ತದೆ.

2017ರ ಜನವರಿಯಿಂದ ಡಾಲ್ಬರ್ಜಿಯಾ ಕುಲದ ಬಹುತೇಕ ಎಲ್ಲ ಮರಗಳೂ ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದ್ದವು. ಕಳ್ಳಸಾಗಣೆ ತಡೆಯುವುದು ಉದ್ದೇಶ, ಅದು ಸರಿಯೇ. ಆದರೆ ಮಾರಾಟಕ್ಕೆಂದು ಕ್ಲಾರಿನೆಟ್ ಒಂದು ಗಡಿ ದಾಟಲಿಕ್ಕೂ ಕಾಗದಪತ್ರ ಬೇಕಾಯಿತು. ವಾದಕರು, ತಯಾರಕರು ಕೂಗೆಬ್ಬಿಸಿದ ಮೇಲೆ 2019ರ ಕೊನೆಯಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಸಿ ಮರಕ್ಕೆ ನಿಯಂತ್ರಣ ಹಾಗೇ ಇದೆ, ಇರಬೇಕು ಕೂಡ.

ಬುಫೆಯವರು 1990ರ ದಶಕದಲ್ಲೇ ಇನ್ನೊಂದು ದಾರಿ ಹುಡುಕಿದ್ದರು. 'ಗ್ರೀನ್ ಲೈನ್' ಎಂಬ ಕ್ಲಾರಿನೆಟ್. ಕಡೆಯುವಾಗ ಉದುರುವ ಅದೇ ಮರದ ಪುಡಿಗೆ ಕಾರ್ಬನ್ ನಾರು ಬೆರೆಸಿ, ಒತ್ತಡದಲ್ಲಿ ಗಟ್ಟಿ ಮಾಡಿ, ಅದರಿಂದ ವಾದ್ಯ ಮಾಡುವುದು. ಅದಕ್ಕೆ ಎಳೆಯೇ ಇಲ್ಲದ್ದರಿಂದ ಬಿಸಿಲಿಗೆ ಸೀಳುವ ಭಯವಿಲ್ಲ. ರಾಯಚೂರಿನ ತಮ್ಮನಂಥವರಿಗೆ ಅದು ಹೇಳಿಮಾಡಿಸಿದ್ದು. ನನಗೆ ಮಾತ್ರ ಬೇರೊಂದು ಕಾರಣಕ್ಕೆ ಖುಷಿ. ನೂರು ವರ್ಷ ಬೆಳೆದ ಮರದ ಹೊಟ್ಟನ್ನು ಗುಡಿಸಿ ಎಸೆಯುವಾಗ ನನ್ನ ಕೈ ಎಷ್ಟೋ ಸಲ ತಡೆದಿದೆ.

ತಮ್ಮಾ, ಮರದ ವಾದ್ಯ ಬಿಡಬೇಡ. ಬಿಸಿಲಲ್ಲಿ ಬಸ್ಸಿನ ಮೇಲೆ ಇಡಬೇಡ, ಎ.ಸಿ. ಕೋಣೆಯಿಂದ ನೇರ ಹೊರಗೆ ತರಬೇಡ, ನುಡಿಸಿದ ಕೂಡಲೇ ಒಳಗಿನ ತೇವ ಒರೆಸು. ಹವೆ ತಟ್ಟನೆ ಬದಲಾದರೆ ಮರಕ್ಕೆ ಪೆಟ್ಟು. ಮೆಲ್ಲಗೆ ಬದಲಾದರೆ ಅದು ತಾನಾಗಿ ಹೊಂದಿಕೊಳ್ಳುತ್ತದೆ.


ಇತಿಹಾಸ_ಪ್ರಿಯ_ಮೈಸೂರು:

ಕ್ಲೋಝೆ ಬಗ್ಗೆ ಒಂದು ತಿದ್ದುಪಡಿ. ಎಲ್ಲರೂ ಮಾಡುವ ತಪ್ಪು ಇದು. ಹಯಾಸಿಂತ್ ಕ್ಲೋಝೆ ಜೊತೆ ಸೇರಿ ಹೊಸ ಕೀ ವ್ಯವಸ್ಥೆ ರೂಪಿಸಿದ ಬುಫೆ ಬೇರೆ. ಅವರು ಲೂಯಿ-ಆಗುಸ್ತ್ ಬುಫೆ, ದೆನಿ ಬುಫೆಯ ತಮ್ಮ, ಎಂದರೆ ಝಾಂ-ಲೂಯಿಗೆ ಚಿಕ್ಕಪ್ಪ. ಅವರದು ಪ್ರತ್ಯೇಕ ಅಂಗಡಿ. 1839ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಆ ಕ್ಲಾರಿನೆಟ್ ಮೊದಲು ಕಾಣಿಸಿಕೊಂಡಿತು. ಬೋಯೆಮ್ ಎಂಬ ಜರ್ಮನ್ ಕೊಳಲುಗಾರ ಕೊಳಲಿಗೆ ಅಳವಡಿಸಿದ ಉಂಗುರದ ಉಪಾಯವನ್ನು ಕ್ಲಾರಿನೆಟ್ಟಿಗೆ ತಂದದ್ದರಿಂದ ಅದಕ್ಕೆ ಬೋಯೆಮ್ ಪದ್ಧತಿ ಎಂದೇ ಹೆಸರಾಯಿತು. ಕೀಗಳು 17, ಉಂಗುರಗಳು 6. ಇಂದಿಗೂ ಅದೇ ಲೆಕ್ಕ.

ಬುಫೆ ಕ್ರಾಂಪೋಂ ಕಾರ್ಖಾನೆಯ ಸ್ವಂತ ಸಾಧನೆ ಬೇಕಿದ್ದರೆ 1950ರ ದಶಕದ ಆರ್13 ನೋಡಿ. ರೋಬೆರ್ ಕಾರೆ ಎಂಬ ಕುಶಲಿ ಮಾಡಿದ್ದು. ಹೊರಗಿನಿಂದ ನೋಡಿದರೆ ಕ್ಲಾರಿನೆಟ್ ಒಂದು ನೆಟ್ಟನೆಯ ಕೊಳವೆ. ಒಳಗೆ ಅವರು ಬೇರೆ ಬೇರೆ ವ್ಯಾಸದ ಕೊಳವೆಗಳನ್ನು ಒಂದಕ್ಕೊಂದು ಬೆಸೆದ ಹಾಗೆ ಕೊರೆದರು. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿಲ್ಲ. ಅಷ್ಟರಲ್ಲೇ ಮೇಲಿನ ಸ್ಥಾಯಿಯ ಶ್ರುತಿ ಸರಿಹೋಯಿತು. ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಬಹುಪಾಲು ಕ್ಲಾರಿನೆಟ್ ವಾದಕರು ದಶಕಗಳಿಂದ ಹಿಡಿದಿರುವುದು ಅದನ್ನೇ.

ಕದ್ರಿಯವರ ಹೆಸರು ಬಂದದ್ದರಿಂದ ನಮ್ಮೂರಿನ ಒಂದು ಮಾತು ಸೇರಿಸುತ್ತೇನೆ. ನಾಗಸ್ವರದ ಮನೆಯಲ್ಲಿ ಹುಟ್ಟಿದ ಆ ಹುಡುಗ ಸ್ಯಾಕ್ಸೋಫೋನಿಗೆ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಅಲ್ಲಿಂದ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೆ ಹೋದರು. ಬ್ಯಾಂಡಿನ ಪಥಸಂಚಲನಕ್ಕೆಂದು ತರಿಸಿದ ವಾದ್ಯ ತ್ಯಾಗರಾಜರ ಕೃತಿ ನುಡಿಸೀತೆಂದು ಯಾರು ಎಣಿಸಿದ್ದರು?


ನೇತ್ರಾವತಿ_ದಂಡೆ:

ಚಿಕ್ಕಪ್ಪ–ಅಣ್ಣನ ಮಗನ ವಿಷಯ ತಿಳಿಸಿದ್ದಕ್ಕೆ ತುಂಬ ಕೃತಜ್ಞತೆ ಸರ್. ನಾನೂ ಅದೇ ತಪ್ಪು ತಿಳಿದಿದ್ದೆ.

ಲಾ ಕೂತ್ಯೂರ್-ಬುಸ್ಸೆಗೂ ಹೋಗಿ ಬಂದೆ. ಅಲ್ಲಿ 1888ರಲ್ಲಿ ವಾದ್ಯ ತಯಾರಕರೇ ಸೇರಿ ಕಟ್ಟಿದ ಮ್ಯೂಸಿಯಂ ಇದೆ. ಗಾಜಿನ ಹಿಂದೆ ಕೊಳಲು, ಓಬೋ, ಕ್ಲಾರಿನೆಟ್ಟುಗಳ ಸಾಲು. ನನ್ನ ಕಣ್ಣು ನಿಂತದ್ದು ಉಪಕರಣಗಳ ಮೇಲೆ. ಉಳಿಯ ಹಿಡಿಯಲ್ಲಿ ಹೆಬ್ಬೆರಳು ಕೂರುವ ಕಡೆ ಮರ ಸವೆದು ಗುಳಿಬಿದ್ದಿದೆ. ದೊಡ್ಡಪ್ಪನ ಸ್ಯಾಕ್ಸಿನ ಹೆಬ್ಬೆರಳ ಕೊಕ್ಕೆಯೂ ಹಾಗೇ ಸವೆದಿದೆ. ಫೋಟೋ ಕಳಿಸಿದೆ. ದೊಡ್ಡಮ್ಮ ಹೇಳಿದರಂತೆ, "ಅದು ಯಾರದೋ ಮನೆಯವರು ಅನ್ನ ಸಂಪಾದಿಸಿದ ಗುರುತು."


ಪ್ಯಾಡ್_ಸ್ಪ್ರಿಂಗ್_ಮಂಗಳೂರು:

ತಂಗೀ, ತಡವಾಗಿ ನೋಡಿದೆ. ನಾನು ಇಪ್ಪತ್ತೆರಡು ವರ್ಷದಿಂದ ವಾದ್ಯ ರಿಪೇರಿ ಮಾಡುದು. ಕರಾವಳಿಯಲ್ಲಿ ಸ್ಯಾಕ್ಸ್ ಎಷ್ಟು ಉಂಟು ಅಂತ ಬೇರೆ ಕಡೆಯವರಿಗೆ ಗೊತ್ತಿಲ್ಲ. ದೇವಸ್ಥಾನದ ಉತ್ಸವ, ಮದುವೆ, ನೇಮ, ಎಲ್ಲದಕ್ಕೂ ಬೇಕು. ಹೆಣ್ಣುಮಕ್ಕಳು ಕೂಡ ಈಗ ತುಂಬ ಜನ ನುಡಿಸ್ತಾರೆ. ಡಿಸೆಂಬರಿನಿಂದ ಮೇವರೆಗೆ ನನಗೆ ಊಟಕ್ಕೆ ಪುರುಸೊತ್ತಿಲ್ಲ.

ನಾನು ವಾದ್ಯವನ್ನು ಹೊರಗಿನಿಂದ ನೋಡುದಿಲ್ಲ, ಬಿಚ್ಚಿ ನೋಡುದು. ಹಾಗಾಗಿ ಒಳಗಿನ ಕಥೆ ಹೇಳ್ತೇನೆ. ಸ್ಯಾಕ್ಸೋಫೋನಿನ ಮೈ ಅಂದರೆ ಮೊದಲು ಒಂದು ಹಿತ್ತಾಳೆ ತಗಡು. ಅದನ್ನು ಕತ್ತರಿಸಿ, ಕೊಳವೆ ಮಾಡಿ, ಉದ್ದಕ್ಕೆ ಬೆಸುಗೆ ಹಾಕುದು. ಆಮೇಲೆ ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮ ಅಗಲ ಆಗ್ತಾ ಹೋಗಬೇಕು. ತೂತಿನ ಸುತ್ತ ಗೋಡೆ ಇರ್ತದಲ್ಲ, ಅದನ್ನು ಬೇರೆ ಅಂಟಿಸಿದ್ದಲ್ಲ. ಒಳಗಿನಿಂದ ಗುಂಡು ಎಳೆದು ಅದೇ ತಗಡನ್ನು ಮೇಲಕ್ಕೆ ಎಬ್ಬಿಸಿದ್ದು. ಆ ಗೋಡೆಯ ಅಂಚು ಸಪಾಟು ಇದ್ದರೆ ಪ್ಯಾಡ್ ಸರಿ ಕೂರ್ತದೆ. ಕೂದಲಷ್ಟು ಓರೆಯಾದರೂ ಗಾಳಿ ಸೋರ್ತದೆ, ಕೆಳಗಿನ ಷಡ್ಜ ಬರುದೇ ಇಲ್ಲ. ಅಗ್ಗದ ವಾದ್ಯದಲ್ಲಿ ನನ್ನ ಅರ್ಧ ಕೆಲಸ ಆ ಅಂಚು ಉಜ್ಜುದರಲ್ಲಿ ಹೋಗ್ತದೆ. ಹಳೇ ಸೆಲ್ಮರ್ ಬಂದರೆ ಪ್ಯಾಡ್ ಬದಲಿಸಿ, ಎಣ್ಣೆ ಹಾಕಿ, ಸ್ಪ್ರಿಂಗ್ ಕೂರಿಸಿದರೆ ಆಯ್ತು. ಐವತ್ತು ವರ್ಷದ ವಾದ್ಯ ಮತ್ತೆ ಹಾಡ್ತದೆ.

ನಮ್ಮ ಶತ್ರು ಸಮುದ್ರದ ಗಾಳಿ. ಸ್ಪ್ರಿಂಗ್ ಅಂದರೆ ನೀಲಿ ಉಕ್ಕಿನ ಸೂಜಿ, ಉಪ್ಪು ಗಾಳಿಗೆ ತುಕ್ಕು ಹಿಡಿದು ಪಟ್ ಅಂತ ಮುರಿಯುದು. ಅದೂ ಬಲಿ ಉತ್ಸವದ ನಡುವೆಯೇ ಮುರಿಯುದು! ಮಳೆಗಾಲದಲ್ಲಿ ಚರ್ಮದ ಪ್ಯಾಡ್ ಬೂಸಲು. ಆ ಊರಿನವರು ವಾದ್ಯ ಮಾಡುವಾಗ ಅವರ ಕಣ್ಣೆದುರು ಇದ್ದದ್ದು ಮಿಲಿಟರಿ ಬ್ಯಾಂಡ್, ಆರ್ಕೆಸ್ಟ್ರಾ. ರಥಬೀದಿಯಲ್ಲಿ ನಾಲ್ಕು ಗಂಟೆ ನಿಂತು ತೋಡಿ ನುಡಿಸುವವರು ಇದ್ದಾರೆ ಅಂತ ಅವರಿಗೆ ಕನಸು ಬಿದ್ದಿರ್ಲಿಕ್ಕಿಲ್ಲ. ಆದರೂ ತಡೀತದೆ ನೋಡಿ. ಅದು ಕೆಲಸದ ಮರ್ಯಾದೆ.

ಹುಬ್ಬಳ್ಳಿಯವರು ಹೇಳಿದ್ದೂ ಸರಿ. ಮೀರತ್ ವಾದ್ಯಕ್ಕೆ ನಾನು ಎಂದೂ ಬೇಸರ ಪಟ್ಟಿಲ್ಲ. ಬೆಲೆಗೆ ತಕ್ಕ ಹಿತ್ತಾಳೆ. ಒಳ್ಳೆ ಪ್ಯಾಡ್ ಹಾಕಿ ಕೊಟ್ಟರೆ ಎಷ್ಟೋ ಮಕ್ಕಳು ಅದರಲ್ಲೇ ಅರಂಗೇಟ್ರ ಮಾಡಿದ್ದಾರೆ. ರಾಯಚೂರಿನ ತಮ್ಮನ ವಾದ್ಯ ಕೊರಿಯರಿನಲ್ಲಿ ಕಳಿಸುದು ಬೇಡ, ಬಿರುಕು ದೊಡ್ಡದಾದೀತು. ಈ ಕಡೆ ಬರುವವರ ಕೈಯಲ್ಲಿ ಕಳಿಸಿ. ತೂತಿನ ಒಳಗಿನ ಅಂಟು ಕೆರೆದು ತೆಗೀಲಿಕ್ಕೆ ಆಗ್ತದೆ, ಹೆದರಬೇಡಿ.

ತಂಗೀ, ದೊಡ್ಡಪ್ಪನ ವಾದ್ಯ ಎರಡು ವರ್ಷದಿಂದ ಪೆಟ್ಟಿಗೆಯಲ್ಲೇ ಉಂಟು ಅಂದಿರಿ. ಅದು ವಾದ್ಯಕ್ಕೆ ಒಳ್ಳೇದಲ್ಲ.


ಹೊಸಬ_ಪುತ್ತೂರು:

ಎಲ್ಲರಿಗೂ ನಮಸ್ಕಾರ. ನನಗೆ 19 ವರ್ಷ, ಐಟಿಐ ಫಿಟ್ಟರ್ ಮುಗಿಸಿದ್ದೇನೆ. ಶಾಲೆಯಲ್ಲಿ ಸ್ಯಾಕ್ಸ್ ಸ್ವಲ್ಪ ಕಲಿತಿದ್ದೆ. ನುಡಿಸುವುದಕ್ಕಿಂತ ನನಗೆ ಅದನ್ನು ಬಿಚ್ಚಿ ಜೋಡಿಸುವುದೇ ಇಷ್ಟ. ವಾದ್ಯ ಮಾಡುವುದು, ರಿಪೇರಿ ಕಲಿಸುವ ಶಾಲೆ ಎಂದು ಎಲ್ಲಾದರೂ ಇದೆಯಾ? ಆ ಮಾಂತ್ ಊರಿನಲ್ಲಿ ಕಲಿಸುತ್ತಾರಾ?


ನೇತ್ರಾವತಿ_ದಂಡೆ:

ಫ್ರಾನ್ಸಿನಲ್ಲಿ ಇದೆ ತಮ್ಮ. ಲ ಮಾಂ ಎಂಬ ಊರಿನಲ್ಲಿ 'ಇಟೆಮ್' ಎಂಬ ಸಂಸ್ಥೆ. ಗಾಳಿವಾದ್ಯ, ಗಿಟಾರ್, ಪಿಯಾನೋ, ಅಕಾರ್ಡಿಯನ್ ಎಲ್ಲದರ ರಿಪೇರಿ, ತಯಾರಿ ಕಲಿಸುತ್ತಾರೆ. ಪಾಠ ಫ್ರೆಂಚ್ ಭಾಷೆಯಲ್ಲಿ. ಅಲ್ಲಿ ವಿದ್ಯಾರ್ಥಿಗಳು ಸ್ವಲ್ಪ ದಿನ ತರಗತಿ, ಸ್ವಲ್ಪ ದಿನ ನಿಜವಾದ ಕಾರ್ಯಾಗಾರ ಎಂದು ಓಡಾಡಿಕೊಂಡು ಕಲಿಯುವ ಪದ್ಧತಿಯೂ ಇದೆ. ಅದರ ಅರ್ಥ ಇಷ್ಟೇ: ಅವರೂ ಕೊನೆಗೆ ಒಬ್ಬ ಕೆಲಸಗಾರನ ಪಕ್ಕದಲ್ಲಿ ನಿಂತೇ ಕಲಿಯಬೇಕು. ಫ್ರೆಂಚ್ ಕಲಿಯುವ ಮನಸ್ಸಿದ್ದರೆ ನನಗೆ ಮೆಸೇಜ್ ಹಾಕು, ಅರ್ಜಿ ತುಂಬುವ ಕೆಲಸ ನಾನು ನೋಡಿಕೊಳ್ಳುತ್ತೇನೆ.

ರಿಪೇರಿ ಅಣ್ಣಾ, ನಿಮ್ಮ ಮಾತು ಓದಿ ಹೇಳಿದೆ. ದೊಡ್ಡಪ್ಪ ಅದನ್ನೇ ಹಿಡಿದುಕೊಂಡರು. ಬರುವ ವಾರ ನನ್ನ ತಮ್ಮ ವಾದ್ಯವನ್ನು ಮಂಗಳೂರಿಗೆ ತರುತ್ತಾನೆ. ಕೊಡುವುದು ಯಾರಿಗೆ ಎಂದು ಅವರು ತೀರ್ಮಾನ ಮಾಡಿ ಆಗಿದೆ. ಪಕ್ಕದ ಮನೆಯ ಹುಡುಗಿ, ಎಂಟನೇ ಕ್ಲಾಸು, ಈಗ ಮೀರತ್ ಸ್ಯಾಕ್ಸಿನಲ್ಲಿ ಮಾಯಾಮಾಳವಗೌಳ ಸರಳೆ ನುಡಿಸುತ್ತಿದ್ದಾಳೆ. ಅಟ್ಟದಿಂದ ಇಳಿಸಿ ಕೊಟ್ಟದ್ದು ಅವರೇ. ವರ್ಣದ ತನಕ ಬಂದ ದಿನ ಸೆಲ್ಮರ್ ಅವಳಿಗಂತೆ.


ಪ್ಯಾಡ್_ಸ್ಪ್ರಿಂಗ್_ಮಂಗಳೂರು:

ತನ್ನಿ ತನ್ನಿ. ಪ್ಯಾಡ್ ಪೂರಾ ಬದಲಿಸಬೇಕಾದೀತು, ಸ್ಪ್ರಿಂಗ್ ನನ್ನತ್ರ ಉಂಟು. ದುಡ್ಡಿನ ಮಾತು ಆಮೇಲೆ.

ಪುತ್ತೂರಿನ ತಮ್ಮಾ, ಫ್ರಾನ್ಸಿಗೆ ಹೋಗುದಾದರೆ ಹೋಗು, ಅಲ್ಲಿವರೆಗೆ ಸುಮ್ಮನೆ ಯಾಕೆ ಕೂರುದು? ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಾ. ಮೊದಲ ದಿನ ಬರೇ ಬಿಚ್ಚುದು. ಕೀಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿ ಇಡ್ಲಿಕ್ಕೆ ಕಲಿ. ಒಂದು ಸ್ಕ್ರೂ ಕಳೆದರೂ ಮನೆಗೆ ಬಿಡುದಿಲ್ಲ. ಸಣ್ಣ ಸ್ಕ್ರೂಡ್ರೈವರ್ ಇದ್ದರೆ ತಾ, ಇಲ್ಲದಿದ್ದರೆ ನನ್ನದೇ ಉಂಟು.